ಇಲಿಯ ಹಿಂಗಾಲಿನಿಂದ ಡಿಸ್ಟೋನಿನ್‌ವರೆಗೆ

ಈ ಇಲಿಮರಿಗಳು ಹುಟ್ಟುವಾಗ ಚೆನ್ನಾಗೇ ಇರುತ್ತವೆ. ಒಂದೆರಡು ವಾರ ಕಳೆಯುವಷ್ಟರಲ್ಲಿ ನಡಿಗೆ ತಪ್ಪುತ್ತದೆ. ಬಾಲ ಹಿಡಿದು ಎತ್ತಿದರೆ ಬೇರೆ ಮರಿಗಳು ಹಿಂಗಾಲು ಅಗಲಿಸುತ್ತವೆ, ಇವು ಮಾತ್ರ ಮುದುಡಿಕೊಳ್ಳುತ್ತವೆ. ತಿಂಗಳು ತುಂಬುವ ಹೊತ್ತಿಗೆ ಹೆಚ್ಚಿನವು ಸಾಯುತ್ತವೆ. ಎಡಿನ್‌ಬರೋದಲ್ಲಿ ಕಾಣಿಸಿಕೊಂಡ ಇಂಥ ಇಲಿಗಳನ್ನು ತಳಿವಿಜ್ಞಾನಿ ಡಗ್ಲಸ್ ಫಾಲ್ಕನರ್ ಇದ್ದ ತಂಡ 1964ರಲ್ಲಿ ವಿವರವಾಗಿ ದಾಖಲಿಸಿತು. ಕಾಯಿಲೆಗೆ ಇಟ್ಟ ಹೆಸರು ಡಿಸ್ಟೋನಿಯಾ ಮಸ್ಕ್ಯುಲೋರಮ್. ಹೆಸರಲ್ಲಿ ಸ್ನಾಯು ಇದ್ದರೂ ಮುಖ್ಯ ತೊಂದರೆ ಇದ್ದದ್ದು ಸಂವೇದನಾ ನರಗಳಲ್ಲಿ. ಕಾಲು ಎಲ್ಲಿದೆ ಎಂಬ ಸುದ್ದಿಯೇ ಬೆನ್ನುಹುರಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಯಾಕೆ ಈ ನರಗಳೇ? ಅವುಗಳ ಉದ್ದ ನೋಡಿದರೆ ಒಂದು ಸುಳಿವು ಸಿಗುತ್ತದೆ. ಮನುಷ್ಯನಲ್ಲಿ ಕಾಲ್ಬೆರಳಿನ ಸ್ಪರ್ಶ ತರುವ ನರಕೋಶದ ಒಡಲು ಇರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದ ಗಂಟಿನಲ್ಲಿ. ಅಲ್ಲಿಂದ ಬೆರಳಿನವರೆಗೆ ಹೋಗುವ ಎಳೆ, ಅಂದರೆ ಆಕ್ಸಾನ್, ಸುಮಾರು ಒಂದು ಮೀಟರ್. ಎಳೆಗೆ ಬೇಕಾದ ಪ್ರೋಟೀನುಗಳು ಬಹುಪಾಲು ಒಡಲಲ್ಲೇ ತಯಾರಾಗಿ ಅಷ್ಟು ದೂರ ಸಾಗಬೇಕು. ಅತಿ ವೇಗದ ಸಾಗಣೆಯೂ ದಿನಕ್ಕೆ 400 ಮಿಲಿಮೀಟರ್ ಆಸುಪಾಸು. ಅಂದರೆ ಒಂದು ಬಾರಿ ತುದಿ ಮುಟ್ಟಲು ಎರಡೂವರೆ ದಿನ!

ಈ ಎಳೆಯನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಹಂದರದಲ್ಲಿ ಮೂರು ಬಗೆಯ ನೂಲುಗಳಿವೆ. 7 ನ್ಯಾನೋಮೀಟರ್ ದಪ್ಪದ ಆಕ್ಟಿನ್, 10 ನ್ಯಾನೋಮೀಟರಿನ ನ್ಯೂರೋಫಿಲಮೆಂಟ್, 25 ನ್ಯಾನೋಮೀಟರಿನ ಮೈಕ್ರೋಟ್ಯೂಬ್ಯೂಲ್. ಕೊನೆಯದನ್ನು ರೈಲು ಹಳಿ ಅಂದುಕೊಳ್ಳಿ. ಕೈನೆಸಿನ್ ಎಂಬ ಮೋಟಾರ್ ಪ್ರೋಟೀನು ಸರಕನ್ನು ತುದಿಯ ಕಡೆ ಎಳೆಯುತ್ತದೆ, ಡೈನೀನ್ ಒಡಲಿನ ಕಡೆ ವಾಪಸ್ ತರುತ್ತದೆ. ಈ ನೂಲುಗಳನ್ನು ಒಂದಕ್ಕೊಂದು ಹಿಡಿದಿಡಲು ಕೊಂಡಿ ಪ್ರೋಟೀನುಗಳೂ ಬೇಕು.

ಇಲಿಗಳಲ್ಲಿ ಕೆಟ್ಟಿದ್ದ ಜೀನ್ ಸಿಕ್ಕಿದ್ದರಲ್ಲಿ ಅದೃಷ್ಟದ ಪಾಲು ಜಾಸ್ತಿ. ರಶ್ಮಿ ಕೊಠಾರಿ, ಜಾನೆಟ್ ರೊಸಾಂಟ್ ಮತ್ತು ಸಂಗಡಿಗರು ಬೇರೇನೋ ಉದ್ದೇಶಕ್ಕೆ ಇಲಿಗೆ ಸೇರಿಸಿದ್ದ ಡಿಎನ್‌ಎ ತುಣುಕು ಆಕಸ್ಮಿಕವಾಗಿ ಇದೇ ಜೀನಿನ ಜಾಗದಲ್ಲಿ ಹೋಗಿ ಕೂತಿತ್ತು. 1988ರಲ್ಲಿ ಅದು ವರದಿಯಾಯಿತು. ಆ ಗುರುತು ಹಿಡಿದು ಹೋದವರು 1995ರಲ್ಲಿ ಜೀನ್ ಮುಟ್ಟಿದರು. ನೋಡಿದರೆ ಅದು ಚರ್ಮರೋಗ ತಜ್ಞರಿಗೆ ಮೊದಲೇ ಗೊತ್ತಿದ್ದದ್ದು! ಬುಲ್ಲಸ್ ಪೆಂಫಿಗಾಯ್ಡ್ ಎಂಬ ಗುಳ್ಳೆ ಕಾಯಿಲೆಯಲ್ಲಿ ದೇಹ ತನ್ನದೇ ಪ್ರೋಟೀನಿನ ಮೇಲೆ ಬೀಳುತ್ತದೆ, ಅಲ್ವಾ? ಆ ಪ್ರೋಟೀನುಗಳಲ್ಲೊಂದು ಬರುವುದು ಇದೇ ಜೀನಿನಿಂದ. ಅದೇ ವರ್ಷ ಎಲೇನ್ ಫುಕ್ಸ್ ಅವರ ತಂಡ ಚರ್ಮದ ಅಧ್ಯಯನಕ್ಕೆಂದು ಇಲಿಯಲ್ಲಿ ಆ ಜೀನ್ ಕೆಡಿಸಿತು. ಚರ್ಮ ಕೊಂಚ ದುರ್ಬಲವಾಯಿತು. ಇಲಿಗಳನ್ನು ಕೊಂದದ್ದು ಮಾತ್ರ ನರದ ಕಾಯಿಲೆ.

ಒಂದೇ ಜೀನ್, ಅದರಿಂದ ಬರುವ ಪ್ರೋಟೀನಿಗೆ ಅಂಗಕ್ಕೊಂದು ರೂಪ. ನರದಲ್ಲಿರುವ ರೂಪಕ್ಕೆ ಡಿಸ್ಟೋನಿನ್ ಎಂಬ ಹೆಸರು ಬಂತು.

ಮೊದಲ ವಿವರಣೆ ಬಹಳ ಅಚ್ಚುಕಟ್ಟಾಗಿತ್ತು. ಡಿಸ್ಟೋನಿನ್ ಆಕ್ಟಿನ್ನನ್ನು ನ್ಯೂರೋಫಿಲಮೆಂಟಿಗೆ ಕಟ್ಟುತ್ತದೆ ಎಂದು 1996ರಲ್ಲಿ ಫುಕ್ಸ್ ತಂಡ ಹೇಳಿತು. ಕಾಯಿಲೆ ಇಲಿಯ ಆಕ್ಸಾನನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಲ್ಲಿ ಊತ, ಊತದ ತುಂಬ ಸಿಕ್ಕುಸಿಕ್ಕಾದ ನ್ಯೂರೋಫಿಲಮೆಂಟ್. ಕೊಂಡಿ ಕಳಚಿತು, ನೂಲು ರಾಶಿ ಬಿತ್ತು, ದಾರಿ ಕಟ್ಟಿತು. ಇನ್ನೇನು ಬೇಕು?

1998ರಲ್ಲಿ ಜೋಯೆಲ್ ಐಯರ್ ಮತ್ತು ಸಂಗಡಿಗರು ನೇರವಾಗಿ ಪರೀಕ್ಷೆ ಮಾಡಿದರು. ಆಕ್ಸಾನಿನಲ್ಲಿ ನ್ಯೂರೋಫಿಲಮೆಂಟೇ ಇಲ್ಲದ ಇಲಿಗಳ ಜೊತೆ ಕಾಯಿಲೆ ತಳಿಯನ್ನು ಕೂಡಿಸಿದರು. ರಾಶಿ ಬೀಳಲು ನೂಲೇ ಇಲ್ಲ. ಆದರೂ ನರ ಕೆಟ್ಟೇ ಕೆಟ್ಟಿತು. ಕಣ್ಣಿಗೆ ರಾಚುತ್ತಿದ್ದ ಆ ರಾಶಿ ಕಾಯಿಲೆಯ ಕಾರಣವಲ್ಲ, ಪರಿಣಾಮ. ಈ ಇಡೀ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ ಇದೇ. ಆಮೇಲೆ ರೊನಾಲ್ಡ್ ಲೀಮ್ ಅವರ ತಂಡ ನರದಲ್ಲಿ ನಿಜಕ್ಕೂ ಯಾವ ರೂಪ ಹೆಚ್ಚಾಗಿದೆ ಎಂದು ಹುಡುಕಿತು. 2001ರ ಹೊತ್ತಿಗೆ ಉತ್ತರ ಸಿಕ್ಕಿತು. ನರದ ಮುಖ್ಯ ರೂಪದ ಒಂದು ತುದಿ ಆಕ್ಟಿನ್ನಿಗೆ ಅಂಟುತ್ತದೆ, ಇನ್ನೊಂದು ಮೈಕ್ರೋಟ್ಯೂಬ್ಯೂಲಿಗೆ.

ಅಲ್ಲಿಂದ ಎಲ್ಲರ ಗಮನ ಹಳಿಯ ಕಡೆ ತಿರುಗಿತು. ಡಿಸ್ಟೋನಿನ್ನಿನ ಒಂದು ರೂಪ ಡೈನೀನ್‌ನ ಜೊತೆಗಾರ ಡೈನಾಕ್ಟಿನ್ನನ್ನು ಹಿಡಿಯುತ್ತದೆ, ಅದಿಲ್ಲದಿದ್ದರೆ ವಾಪಸ್ ಸಾಗಣೆ ಕುಂಟುತ್ತದೆ ಎಂದು 2003ರಲ್ಲಿ ತೋರಿಸಲಾಯಿತು. 2012ರಲ್ಲಿ ಕೊಠಾರಿ ತಂಡದ ಇನ್ನೊಂದು ಕೆಲಸ ಬಂತು. ಎಂಎಪಿ1ಬಿ ಎಂಬ ಪ್ರೋಟೀನಿನ ಜೊತೆ ಡಿಸ್ಟೋನಿನ್ ಸೇರದಿದ್ದರೆ ಮೈಕ್ರೋಟ್ಯೂಬ್ಯೂಲ್ ಗಟ್ಟಿಯಾಗಿ ನಿಲ್ಲುವುದಿಲ್ಲ, ಒಡಲಲ್ಲಿ ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಜಿ ಎಂಬ ಭಾಗವೂ ಚದುರುತ್ತದೆ. ಅಂದರೆ ತೊಂದರೆ ಎಳೆಯಲ್ಲಿ ಮಾತ್ರವಲ್ಲ, ಸರಕು ಹೊರಡುವ ಒಡಲಲ್ಲೂ ಇದೆ.

ಅದೇ 2012ರಲ್ಲಿ ಇಲಿಯ ಕಥೆ ಮನುಷ್ಯರನ್ನೂ ಮುಟ್ಟಿತು. ಅಶ್ಕೆನಾಜಿ ಯಹೂದಿ ಕುಟುಂಬವೊಂದರ ಶಿಶುಗಳಲ್ಲಿ ಡಿಸ್ಟೋನಿನ್ ಜೀನಿನ ದೋಷ ಸಿಕ್ಕಿತು. ಕಣ್ಣೀರೂ ಬಾರದ ಆ ಶಿಶುಗಳು ಎಳವೆಯಲ್ಲೇ ತೀರಿಕೊಂಡಿದ್ದವು. ಅನುವಂಶೀಯ ಸಂವೇದನಾ ನರರೋಗಗಳ ಪಟ್ಟಿಯಲ್ಲಿ ಇದು ಆರನೆಯ ಬಗೆ. ಮುಂದೆ ದೊಡ್ಡವರಾಗುವವರೆಗೂ ಬದುಕಿದ, ಸ್ವಲ್ಪ ಸೌಮ್ಯ ರೂಪದ ರೋಗಿಗಳೂ ಸಿಕ್ಕರು. ಜೀನಿನ ಯಾವ ಜಾಗ ಕೆಟ್ಟಿದೆ, ಯಾವ ರೂಪ ಉಳಿದಿದೆ ಎನ್ನುವುದರ ಮೇಲೆ ಕಾಯಿಲೆಯ ಚಹರೆ ಬದಲಾಗುತ್ತದೆ. ಚರ್ಮದ ರೂಪವಷ್ಟೇ ಕೆಟ್ಟರೆ ಚರ್ಮದಲ್ಲಿ ಗುಳ್ಳೆ ಏಳುತ್ತದೆ.

ಸರಿಯಾದ ಜೀನನ್ನು ವಾಪಸ್ ಕೊಟ್ಟರೆ? ಇಲಿಯಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. 2014ರಲ್ಲಿ ನರದ ಒಂದು ರೂಪವನ್ನಷ್ಟೇ ಮರಳಿ ಸೇರಿಸಿದಾಗ ಕಾಯಿಲೆ ಭಾಗಶಃ ತಗ್ಗಿತು, ಪೂರ್ತಿ ವಾಸಿಯಾಗಲಿಲ್ಲ. ಅದೂ ಹುಟ್ಟುವ ಮೊದಲೇ ಜೀನ್ ಸೇರಿಸಿದ ಇಲಿಗಳಲ್ಲಿ. ರೋಗಿಗೆ ಕೊಡುವುದು ಬೇರೆಯದೇ ಕಷ್ಟ. ಜೀನ್ ಚಿಕಿತ್ಸೆಯಲ್ಲಿ ಹೆಚ್ಚು ಬಳಸುವ ಎಎವಿ ವೈರಸ್ ಸುಮಾರು 4,700 ಡಿಎನ್‌ಎ ಅಕ್ಷರ ಹೊರುತ್ತದೆ. ನರದ ಡಿಸ್ಟೋನಿನ್ನಿಗೆ 15,000ಕ್ಕೂ ಜಾಸ್ತಿ ಬೇಕು.