ವಂಶಾವಳಿಯ ಬಾಗಿಲಲ್ಲಿ ನಿಂತ ನಾಲ್ವರು ಹೆಂಗಸರು

ಡಿಸೆಂಬರ್ 17 ಭಾನುವಾರವಲ್ಲದಿದ್ದರೆ, ಅಂದು ಕಥೋಲಿಕ ದೇವಾಲಯಗಳ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಮೊದಲ 17 ವಚನಗಳನ್ನು, ಅಂದರೆ ಯೇಸುವಿನ ವಂಶಾವಳಿಯನ್ನು, ಓದುತ್ತಾರೆ. ಅಬ್ರಹಾಮನಿಂದ ಇಸಾಕ, ಇಸಾಕನಿಂದ ಯಾಕೋಬ ಎಂದು ಸಲೀಸಾಗಿ ಹೊರಟ ಓದು ಶೆಯಲ್ತಿಯೇಲ, ಜೆರುಬ್ಬಾಬೆಲರ ಹೊತ್ತಿಗೆ ತೊಡರತೊಡಗುತ್ತದೆ. ಬೈಬಲಿನ ಹೊಸ ಒಡಂಬಡಿಕೆಯನ್ನು ಹುರುಪಿನಿಂದ ತೆರೆದ ಎಷ್ಟೋ ಮಂದಿ ಅದರ ಮೊದಲ ಪುಟವನ್ನೇ ಹಾರಿಸಿಬಿಡುತ್ತಾರೆ.

ಎತ್ತಿನ ಮೇಲೆ ಬಂದು ಮನೆತನದ ತಲೆಮಾರುಗಳನ್ನು ಹೇಳುವ ಹೆಳವರನ್ನು ಕಂಡವರಿಗೆ ಇಂತಹ ಪಟ್ಟಿಯ ತೂಕ ಗೊತ್ತು. ಯೆಹೂದ್ಯರಿಗಂತೂ ಅದು ಹಕ್ಕುಪತ್ರವೇ ಆಗಿತ್ತು. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬೆಲಿನ ಸೆರೆಯಿಂದ ಮರಳಿದವರ ಪೈಕಿ ಮೂರು ಮನೆತನಗಳವರು ತಾವು ಯಾಜಕರೆಂದು ಹೇಳಿಕೊಂಡರು. ವಂಶಪಟ್ಟಿಯಲ್ಲಿ ಹುಡುಕಿದರೆ ಹೆಸರು ಸಿಗಲಿಲ್ಲ. ಅಶುದ್ಧರೆಂದು ಅವರನ್ನು ಯಾಜಕತ್ವದಿಂದ ಹೊರಗಿಟ್ಟದ್ದನ್ನು ಎಜ್ರನ ಪುಸ್ತಕದ 2ನೇ ಅಧ್ಯಾಯ ಹೇಳುತ್ತದೆ. ವಂಶಾವಳಿ ಎಂದರೆ ಕಾವಲಿರುವ ಬಾಗಿಲು.

ಆ ಬಾಗಿಲಲ್ಲಿ ಮತ್ತಾಯ ಯಾರನ್ನು ತಂದು ನಿಲ್ಲಿಸಿದ ನೋಡಿ. ಸಾರಳಿಲ್ಲ, ರೆಬೆಕ್ಕಳಿಲ್ಲ. ತಾಮಾರಳಿದ್ದಾಳೆ: ಮಾವ ಯೆಹೂದನು ಕೊಟ್ಟ ಮಾತಿಗೆ ತಪ್ಪಿದಾಗ ಸೂಳೆಯ ವೇಷದಲ್ಲಿ ದಾರಿಯಲ್ಲಿ ಕುಳಿತು ಅವನಿಂದಲೇ ಬಸುರಾದವಳು. ಯೆರಿಕೋವಿನ ವೇಶ್ಯೆ ರಾಹಾಬಳಿದ್ದಾಳೆ. ಮೋವಾಬಿನ ರೂತಳಿದ್ದಾಳೆ. ಮೋವಾಬ್ಯರು ಹತ್ತನೆಯ ತಲೆಯವರೆಗೂ ದೇವರ ಸಭೆಗೆ ಸೇರಬಾರದೆಂಬುದು ಬೈಬಲಿನ ಧರ್ಮೋಪದೇಶಕಾಂಡದ ಕಟ್ಟಳೆ. ರೂತಳ ಮರಿಮಗನೇ ಅರಸ ದಾವೀದ! ನಾಲ್ಕನೆಯವಳ ಹೆಸರನ್ನು ಮತ್ತಾಯ ಹೇಳುವುದೇ ಇಲ್ಲ, 'ಊರೀಯನ ಹೆಂಡತಿ' ಎನ್ನುತ್ತಾನೆ. ಬತ್ಷೆಬೆ ಎಂದಿದ್ದರೆ ಸಾಲುತ್ತಿತ್ತು. ಅವಳಿಗಾಗಿ ದಾವೀದ ಕೊಲ್ಲಿಸಿದ ಗಂಡನ ಹೆಸರನ್ನೆತ್ತಿ, ರಾಜನ ಅಪರಾಧವನ್ನು ರಾಜವಂಶದ ದಾಖಲೆಯಲ್ಲೇ ಬರೆದಿಟ್ಟ. ಇಡೀ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಈ ಎರಡೇ ಪದ.

ಪಾಪಿಗಳಿಗಾಗಿ ಬಂದವನು ಪಾಪಿಗಳ ವಂಶದಲ್ಲೇ ಹುಟ್ಟಿದ ಎಂದು ಪ್ರಾಚೀನ ಬೈಬಲ್ ಪಂಡಿತ ಸಂತ ಜೆರೋಮ್ ಇದನ್ನು ವಿವರಿಸಿದರು. ಈ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ತಾಮಾರಳು ತನಗಿಂತ ನೀತಿವಂತಳೆಂದು ಸ್ವತಃ ಯೆಹೂದನೇ ಒಪ್ಪಿಕೊಂಡ. ರೂತಳು ಮಾಡಿದ ಪಾಪವಾದರೂ ಯಾವುದು? ಇವರು ಪರಜಾತಿಯವರೆಂಬುದನ್ನು ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ಮುಂದೆ ಮಾಡಿದ್ದು ಹೆಚ್ಚು ಹೊಂದುತ್ತದೆ.

ಪಟ್ಟಿಯ ಲೆಕ್ಕದ ಬಗ್ಗೆಯೂ ಜಗಳಗಳು ನಡೆದಿವೆ. ಮರಿಯಳ ಗಂಡ ಯೋಸೇಫನ ತಂದೆ ಮತ್ತಾಯನಲ್ಲಿ ಯಾಕೋಬ, ಇನ್ನೊಬ್ಬ ಶುಭಸಂದೇಶಕಾರ ಲೂಕನಲ್ಲಿ ಹೇಲೀ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಮಕ್ಕಳಿಲ್ಲದೆ ಸತ್ತ ಹೇಲೀಯ ವಿಧವೆಯನ್ನು ಯಾಕೋಬ ಮದುವೆಯಾದ, ಹಾಗಾಗಿ ಯೋಸೇಫ ರಕ್ತದಿಂದ ಯಾಕೋಬನ ಮಗ, ಕಟ್ಟಳೆಯಂತೆ ಹೇಲೀಯ ಮಗ ಎಂದು 3ನೇ ಶತಮಾನದ ಜೂಲಿಯಸ್ ಆಫ್ರಿಕಾನಸ್ ಸಮಜಾಯಿಷಿ ಕೊಟ್ಟ. ಮುಂದೆ 1650ರಲ್ಲಿ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಆದಿಕಾಂಡದ ವಂಶಾವಳಿಗಳ ವಯಸ್ಸುಗಳನ್ನೂ ಕೂಡಿಸಿಕೊಂಡು ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು ನಿಗದಿಪಡಿಸಿದರು. ಆದರೆ ಮತ್ತಾಯ ಯೋರಾಮನಿಂದ ನೇರ ಉಜ್ಜೀಯನಿಗೆ ಜಿಗಿದು ನಡುವಿನ ಮೂವರು ಅರಸರನ್ನೇ ಬಿಟ್ಟಿದ್ದಾನೆ. ಅವನಿಗೆ ಬೇಕಾಗಿದ್ದದ್ದು 14 ತಲೆಮಾರುಗಳ ಮೂರು ಕಂತು. ಅಕ್ಷರಗಳೇ ಅಂಕಿಗಳೂ ಆಗುವ ಹೀಬ್ರೂವಿನಲ್ಲಿ ದಾವೀದ ಎಂಬ ಹೆಸರಿನ ಅಕ್ಷರಗಳ ಬೆಲೆಯೂ 14. ಇಂತಹ ಬಿಡುವಿಕೆಗಳನ್ನೇ ಹಿಡಿದು, ಬೈಬಲಿನ ವಂಶಾವಳಿಗಳು ಭೂಮಿಯ ವಯಸ್ಸು ಎಣಿಸುವ ಸಾಧನವಲ್ಲವೆಂದು ಅಮೆರಿಕದ ಪ್ರಿನ್ಸ್‌ಟನ್ನಿನ ವಿಲಿಯಂ ಹೆನ್ರಿ ಗ್ರೀನ್ 1890ರಲ್ಲಿ ವಾದಿಸಿದರು. ಅವರು ನಾಸ್ತಿಕರಲ್ಲ, ಸಂಪ್ರದಾಯನಿಷ್ಠ ಪಂಡಿತರು.

ಇಷ್ಟೆಲ್ಲ ಆದಮೇಲೆ ಪಟ್ಟಿ ಕೊನೆಯ ಕೊಂಡಿಯಲ್ಲಿ ಕಳಚಿಕೊಳ್ಳುತ್ತದೆ. ಯೋಸೇಫನಿಂದ ಯೇಸು ಹುಟ್ಟಿದ ಎಂದು ಮತ್ತಾಯ ಬರೆಯುವುದಿಲ್ಲ; ಯೋಸೇಫನು ಮರಿಯಳ ಗಂಡ, ಅವಳಲ್ಲಿ ಯೇಸು ಹುಟ್ಟಿದನು ಎನ್ನುತ್ತಾನೆ. ಅಬ್ರಹಾಮನಿಂದ ಹರಿದುಬಂದ ರಕ್ತಸಂಬಂಧ ಮಗುವನ್ನು ಮುಟ್ಟುವ ಮೊದಲೇ ನಿಂತಿತು. ಎಜ್ರನ ಪುಸ್ತಕದ ಲೆಕ್ಕಿಗರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ. ಅದೇ ಅಧ್ಯಾಯದ ಕಡೆಯ ವಚನದಲ್ಲಿ ಯೋಸೇಫನು ಆ ಮಗುವಿಗೆ ಹೆಸರಿಡುತ್ತಾನೆ.