ರೆಡ್ ಹುಕ್: ಕೆಂಪು ಮುಳ್ಳಿಗೆ ಬಾಸ್ ಮೀನು ಜಾಸ್ತಿ ಬೀಳುತ್ತಾ?

"ಅಂಕಲ್, ಈ ಮುಳ್ಳಿಗೆ ಯಾಕೆ ಲಿಪ್‌ಸ್ಟಿಕ್ ಹಚ್ಚಿದ್ದಾರೆ?"

ಡ್ಯಾಲಸ್ ಹತ್ತಿರದ ಒಂದು ಸಣ್ಣ ಕೆರೆಯ ದಂಡೆ. ಸ್ನೇಹಿತರ ಮಗಳು ನನ್ನ ಗಾಳದ ಡಬ್ಬಿ ಕೆದಕುತ್ತಾ ಕೇಳಿದಳು. ಅವಳ ಕೈಯಲ್ಲಿದ್ದದ್ದು ಕುಂಕುಮದಷ್ಟು ಕೆಂಪಗಿದ್ದ ಗಾಳದ ಮುಳ್ಳು. ಅಮೆರಿಕದಲ್ಲಿ ಬಾಸ್ ಹಿಡಿಯುವವರ ಬಾಯಲ್ಲಿ ಇದರ ಹೆಸರು ರೆಡ್ ಹುಕ್. ಬಾಸ್ ಹುಚ್ಚು ಹಿಡಿದವರಲ್ಲಿ ಇದನ್ನು ಒಂದು ಸಲವಾದರೂ ಕೊಳ್ಳದವರು ಕಡಿಮೆ. ನಾನೂ ಕೊಂಡಿದ್ದೆ. ಅವಳ ಪ್ರಶ್ನೆಗೆ ಅವತ್ತು ನೆಟ್ಟಗೆ ಉತ್ತರ ಕೊಡೋಕಾಗಲಿಲ್ಲ. ಆಮೇಲೆ ಓದಿ, ನೀರಿಗಿಳಿಸಿ ನೋಡಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಾಸ್ ಅಂದರೆ ಯಾವ ಮೀನು ಅಂತ ಹೇಳಿಬಿಡುತ್ತೇನೆ. ಇಲ್ಲಿ ಮಾತು ಲಾರ್ಜ್‌ಮೌತ್ ಬಾಸ್ ಬಗ್ಗೆ. ಉತ್ತರ ಅಮೆರಿಕದ ಸಿಹಿನೀರಿನ ಮೀನು. ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೆ ಕಪ್ಪು ಪಟ್ಟೆ, ಕಣ್ಣು ದಾಟಿ ಹಿಂದಕ್ಕೆ ಹೋಗುವಷ್ಟು ದೊಡ್ಡ ಬಾಯಿ. ನಮ್ಮ ಕರಾವಳಿಯಲ್ಲಿ ಸೀ ಬಾಸ್ ಅಂತ ಕರೆಯುವ ಮೀನಿನ ಕುಲವೇ ಬೇರೆ, ಹೆಸರಷ್ಟೇ ಹೋಲುತ್ತದೆ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಅನ್ನುವವರು 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕಿಲೋ ತೂಗುವ ಬಾಸ್ ಹಿಡಿದರು. ಆ ದಾಖಲೆಯನ್ನು ಸರಿಗಟ್ಟೋಕೆ 77 ವರ್ಷ ಬೇಕಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದನ್ನು ಸರಿಗಟ್ಟಿದರು. ಇಂಥ ಮೀನಿನ ಹಿಂದೆ ಬಿದ್ದವರು ಮುಳ್ಳಿನ ಬಣ್ಣದವರೆಗೂ ಯೋಚನೆ ಮಾಡುವುದು ಸಹಜ ಅಲ್ವಾ?

ಮುಳ್ಳು ಅಂದರೆ ಉಕ್ಕಿನ ತಂತಿ. ದಾರ ಕಟ್ಟೋಕೆ ಒಂದು ಕಣ್ಣು, ನೆಟ್ಟಗಿನ ದಂಟು, ಬಾಗು, ಮೊನೆ, ಮೊನೆಯ ಕೆಳಗೆ ಮೀನು ಜಾರಿಹೋಗದ ಹಾಗೆ ತಡೆಯುವ ಹಿಮ್ಮುಳ್ಳು. ಬರೀ ಉಕ್ಕು ನೀರಲ್ಲಿ ತುಕ್ಕು ಹಿಡಿಯುತ್ತದೆ ಅಂತ ಮೇಲೆ ಒಂದು ಲೇಪ ಕೊಡುತ್ತಾರೆ. ಕಂಚಿನ ಬಣ್ಣ, ಬೆಳ್ಳಿ ಹೊಳಪಿನ ನಿಕ್ಕಲ್, ಕಪ್ಪು ನಿಕ್ಕಲ್, ಚಿನ್ನದ ಬಣ್ಣ, ಹೀಗೆ. ಇವೆಲ್ಲ ಮುಖ್ಯವಾಗಿ ತುಕ್ಕಿಗೆ ಕೊಟ್ಟ ಉತ್ತರ. ಕೆಂಪು ಮಾತ್ರ ಬೇರೆ. ಅದನ್ನು ಬಳಿದದ್ದೇ ಮೀನಿನ ಕಣ್ಣಿಗಾಗಿ. ಡೈಇಚಿ ಕಂಪನಿ ತನ್ನ ಕೆಂಪು ಮುಳ್ಳುಗಳಿಗೆ ಇಟ್ಟ ಹೆಸರೇ 'ಬ್ಲೀಡಿಂಗ್ ಬೈಟ್', ರಕ್ತ ಸೋರುತ್ತಿರುವ ಎರೆ.

ಇಲ್ಲೇ ನನಗೆ ಮೊದಲು ತೊಡಕು ಕಂಡದ್ದು. ಕೆಂಪು ಮುಳ್ಳು ಯಾಕೆ ಒಳ್ಳೆಯದು ಅಂತ ಹತ್ತು ಜನರನ್ನು ಕೇಳಿ. ಎರಡು ಕಾರಣ ಸಿಗುತ್ತವೆ. ಒಂದು, ಕೆಂಪು ಅಂದರೆ ರಕ್ತ. ಗಾಯವಾದ ಮೀನಿನ ಕಿವಿರಿನಿಂದ ರಕ್ತ ಬರುವ ಹಾಗೆ ಕಾಣುತ್ತದೆ, ಸುಲಭದ ಊಟ ಅಂತ ಬಾಸ್ ನುಗ್ಗಿ ಬರುತ್ತದೆ. ಇನ್ನೊಂದು, ನೀರಲ್ಲಿ ಎಲ್ಲಕ್ಕಿಂತ ಮೊದಲು ಮಾಯವಾಗುವ ಬಣ್ಣ ಕೆಂಪು, ಆದ್ದರಿಂದ ಮುಳ್ಳು ಮೀನಿಗೆ ಕಾಣುವುದೇ ಇಲ್ಲ, ಅನುಮಾನವಿಲ್ಲದೆ ಎರೆ ನುಂಗುತ್ತದೆ.

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರನ್ನು ನಾನು ನೋಡಿದ್ದೇನೆ. ಆದರೆ ಒಂದು ಮಾತು ಕೆಂಪು ಎದ್ದು ಕಾಣುತ್ತದೆ ಅನ್ನುತ್ತದೆ, ಇನ್ನೊಂದು ಕಾಣುವುದೇ ಇಲ್ಲ ಅನ್ನುತ್ತದೆ. ಒಂದೇ ನೀರಲ್ಲಿ, ಒಂದೇ ಹೊತ್ತಲ್ಲಿ ಎರಡೂ ನಿಜವಾಗೋಕೆ ಸಾಧ್ಯವಿಲ್ಲ. ಯಾವುದು ಯಾವಾಗ ನಿಜ ಅಂತ ತಿಳಿಯಬೇಕಾದರೆ ಮೀನಿನ ಕಣ್ಣನ್ನೂ ಗೊತ್ತುಮಾಡಿಕೊಳ್ಳಬೇಕು, ಕೆರೆಯ ನೀರನ್ನೂ ಗೊತ್ತುಮಾಡಿಕೊಳ್ಳಬೇಕು.

ಕಣ್ಣಿನ ವಿಷಯ ತುಂಬ ಸೊಗಸಾಗಿದೆ. 1937ರಲ್ಲೇ ಫ್ರಾಂಕ್ ಬ್ರೌನ್ ಅನ್ನುವ ವಿಜ್ಞಾನಿ ಇಲಿನಾಯ್‌ನಲ್ಲಿ ಬಾಸ್ ಮೀನುಗಳಿಗೆ ಬಣ್ಣ ಗುರುತಿಸುವ ಪಾಠ ಹೇಳಿಕೊಟ್ಟು ಪರೀಕ್ಷೆ ಮಾಡಿದ್ದರು. ಹಳದಿ ಕನ್ನಡಕ ಹಾಕಿಕೊಂಡ ಮನುಷ್ಯನಿಗೆ ಲೋಕ ಹೇಗೆ ಕಾಣುತ್ತದೋ ಬಾಸ್‌ಗೂ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ ಅನ್ನುವುದು ಅವರ ತೀರ್ಮಾನ. ಎಷ್ಟೋ ವರ್ಷ ಆದಮೇಲೆ, 2019ರಲ್ಲಿ, ಅದೇ ಇಲಿನಾಯ್ ವಿಶ್ವವಿದ್ಯಾಲಯದ ಲಿಸಾ ಮಿಚೆಮ್ ಮತ್ತು ಸಂಗಡಿಗರು ಬಾಸ್ ಕಣ್ಣಿನೊಳಗಿನ ಕೋಶಗಳನ್ನೇ ಅಳೆದು ನೋಡಿದರು. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶ ಮೂರು ಬಗೆ. ಬಾಸ್‌ಗೆ ಎರಡೇ. ಒಂದು ಹಸಿರಿಗೆ ಚುರುಕು, ಬೆಳಕಿನ ಅಲೆಯ ಉದ್ದದಲ್ಲಿ ಸುಮಾರು 535 ನ್ಯಾನೋಮೀಟರ್ ಹತ್ತಿರ. ಇನ್ನೊಂದು ಕೆಂಪಿನ ಕಡೆಗೆ, ಸುಮಾರು 614ರ ಹತ್ತಿರ. ನೀಲಿ ಹಿಡಿಯುವ ಕೋಶ ಇಲ್ಲವೇ ಇಲ್ಲ.

ಅವರೂ ಮೀನುಗಳಿಗೆ ತರಬೇತಿ ಕೊಟ್ಟು ನೋಡಿದರು. ಕೆಂಪಿಗೆ ಹೋದರೆ ತಿಂಡಿ ಅಂತ ಕಲಿಸಿದ ಬಾಸ್, ಬೇರೆ ಬಣ್ಣಗಳ ನಡುವೆ ಕೆಂಪನ್ನು ಚೆನ್ನಾಗಿ ಆರಿಸಿತು. ಹಸಿರು ಕಲಿತದ್ದೂ ಹಾಗೇ. ಆದರೆ ಮಿರುಗುವ ಹಳದಿ-ಹಸಿರನ್ನು ಬಿಳಿಯಿಂದ ಬೇರೆ ಮಾಡೋಕೆ, ನೀಲಿಯನ್ನು ಕಪ್ಪಿನಿಂದ ಬೇರೆ ಮಾಡೋಕೆ ಅವಕ್ಕೆ ಕಷ್ಟವಾಯಿತು. ಇದನ್ನು ಓದಿದ ದಿನ ನಾನು ನನ್ನ ಡಬ್ಬಿ ತೆಗೆದು ಕೂತೆ. ಕಪ್ಪು-ನೀಲಿ ಜಿಗ್‌ಗಳು, ಅಂದರೆ ತೂಕದ ತಲೆ ಇರುವ ಕೃತಕ ಎರೆಗಳು, ಒಂದು ಸಾಲು ಪೂರ್ತಿ ಇದ್ದವು. ಇಲ್ಲಿನ ಅಂಗಡಿಗಳಲ್ಲಿ ಭಾರಿ ಬೇಡಿಕೆ ಇರುವ ಜೋಡಿ ಬಣ್ಣ ಅದು. ಆ ನೀಲಿ ಕಾಣುತ್ತಿದ್ದದ್ದು ಹೆಚ್ಚಾಗಿ ನನಗೆ ಮಾತ್ರ.

ಹಾಗಾದರೆ ಕೆಂಪು ಬಾಸ್‌ಗೆ ಕಾಣುತ್ತದೆ. ಇಲ್ಲಿಯವರೆಗೆ ರೆಡ್ ಹುಕ್‌ನವರು ಹೇಳಿದ್ದು ಸರಿ.

ಇನ್ನು ನೀರು. ತಿಳಿನೀರಲ್ಲಿ ಕೆಂಪು ಬೆಳಕು ಬೇಗ ಸೋಲುತ್ತದೆ. 5 ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಅದರ ಬಹುಪಾಲು ನೀರೇ ಹೀರಿಬಿಟ್ಟಿರುತ್ತದೆ. 10 ಮೀಟರ್ ಆಳದಲ್ಲಿ ಕೆಂಪು ವಸ್ತು ಕಂದು, ಕಪ್ಪು ಆಗಿ ಕಾಣುತ್ತದೆ. ಗಮನಿಸಿ, ಮಾಯವಾಗುವುದು ಬಣ್ಣ, ವಸ್ತುವಲ್ಲ. ಕಪ್ಪಗೆ ಕಾಣುವ ಮುಳ್ಳು ಅಲ್ಲೇ ಇರುತ್ತದೆ. ಕೆಳಗಿನಿಂದ ಮೇಲೆ ನೋಡುವ ಮೀನಿಗೆ ಬೆಳಕಿನ ಎದುರು ಕಪ್ಪು ಗೆರೆ ಇನ್ನೂ ಸ್ಪಷ್ಟ. 'ಕೆಂಪು ಮುಳ್ಳು ಅದೃಶ್ಯ' ಅನ್ನುವ ಮಾತು ಬಿದ್ದುಹೋಗುವುದು ಇಲ್ಲೇ. ಕಪ್ಪು ಮುಳ್ಳು ಎಷ್ಟು ಕಾಣುತ್ತದೋ ಆಳದಲ್ಲಿ ಕೆಂಪು ಮುಳ್ಳೂ ಅಷ್ಟೇ ಕಾಣುತ್ತದೆ.

ಕೊಳೆತ ಎಲೆ, ತೊಗಟೆ ಬಿದ್ದು ಬಣ್ಣ ತಿರುಗಿದ ನೀರಿನದು ಬೇರೆ ಕಥೆ. ಟೆಕ್ಸಸ್ ಮತ್ತು ಲೂಸಿಯಾನಾ ಗಡಿಯಲ್ಲಿ ಕ್ಯಾಡೋ ಅಂತ ಒಂದು ಸರೋವರ ಇದೆ. ನೀರಿನೊಳಗೇ ಬೆಳೆದ ಸೈಪ್ರೆಸ್ ಮರಗಳ ಕಾಡು. ನೀರು ಡಿಕಾಕ್ಷನ್ ಬೆರೆಸಿದ ಹಾಗೆ ಕಂದು. ಅಂಥ ನೀರು ಮೊದಲು ನುಂಗುವುದು ನೀಲಿಯನ್ನು. ಕೊನೆಯವರೆಗೆ ಉಳಿಯುವುದು ಕೆಂಪು.

ಇದನ್ನು ಮನೆಯಲ್ಲೇ ನೋಡಬಹುದು. ನಾನು ಗಾಜಿನ ಲೋಟದಲ್ಲಿ ಹಾಲು ಹಾಕದ, ಸ್ವಲ್ಪ ತೆಳುವಾದ ಟೀ ತುಂಬಿಸಿದೆ. ದಾರಕ್ಕೆ ಕಟ್ಟಿದ ಒಂದು ಕೆಂಪು ಮುಳ್ಳು, ಒಂದು ನೀಲಿ ಪ್ಲಾಸ್ಟಿಕ್ ಹುಳು, ಎರಡನ್ನೂ ಒಟ್ಟಿಗೆ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಬೆರಳು ಆಳಕ್ಕೆ ಇಳಿಯುವುದರೊಳಗೆ ಹುಳುವಿನ ನೀಲಿ ಮಂಕಾಗಿ ಕಪ್ಪಿಗೆ ತಿರುಗಿತು. ಮುಳ್ಳು ಲೋಟದ ತಳ ಮುಟ್ಟಿದರೂ ಕೆಂಪಗೇ ಇತ್ತು. ಹಸಿರು, ಕೆಂಪು ಎರಡೇ ಹಿಡಿಯುವ ಬಾಸ್ ಕಣ್ಣಿಗೂ ಈ ಬಗೆಯ ನೀರಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಆಗ ಅನ್ನಿಸಿತು.

ಅಂದರೆ ಆಳವಿಲ್ಲದ, ಕಂದು ನೀರಲ್ಲಿ, ಹಗಲು ಹೊತ್ತಿನಲ್ಲಿ ಕೆಂಪು ಮುಳ್ಳು ಬಾಸ್‌ಗೆ ಕೆಂಪಾಗೇ ಕಾಣಬಹುದು. ಹಗಲು ಹೊತ್ತು ಅಂತ ಬೇಕೆಂದೇ ಬರೆದೆ. ಬೆಳಕು ಕಡಿಮೆಯಾದಾಗ ಬಣ್ಣ ಹಿಡಿಯುವ ಕೋಶಗಳು ಕೆಲಸ ನಿಲ್ಲಿಸುತ್ತವೆ, ಬರೀ ಬೆಳಕು-ಕತ್ತಲೆ ಹಿಡಿಯುವ ಕೋಶಗಳು ಮುಂದೆ ಬರುತ್ತವೆ. ನಮಗೂ ಹಾಗೇ ಅಲ್ವಾ, ಮುಸ್ಸಂಜೆಯಲ್ಲಿ ಕೆಂಪು ಸೀರೆಯೂ ಕಪ್ಪು ಸೀರೆಯೂ ಒಂದೇ ಥರ. ಬಾಸ್ ಚೆನ್ನಾಗಿ ಬೀಳುವ ಹೊತ್ತು ನಸುಕು ಮತ್ತು ಮುಸ್ಸಂಜೆ. ಮುಳ್ಳಿನ ಬಣ್ಣಕ್ಕೆ ಬೆಲೆ ಅತಿ ಕಡಿಮೆ ಇರುವುದೂ ಆ ಹೊತ್ತಿನಲ್ಲೇ.

ಕಣ್ಣಿಗೆ ಕಂಡದ್ದೆಲ್ಲ ಮೀನಿಗೆ ಬೇಕು ಅಂತಲೂ ಅಲ್ಲ. ಮೇಲಿನ ಪರೀಕ್ಷೆಗಳು ಹೇಳಿದ್ದು ಬಾಸ್ ಕೆಂಪನ್ನು ಗುರುತಿಸುತ್ತದೆ ಅಂತ ಮಾತ್ರ. ಕೆಂಪು ಕಂಡರೆ ರಕ್ತ ಅಂದುಕೊಳ್ಳುತ್ತದೆ ಅಂತ ಅಲ್ಲ. ಟೆಕ್ಸಸ್‌ನ ಸ್ಯಾಮ್ ರೇಬರ್ನ್ ಸರೋವರದಲ್ಲಿ ಚಳಿ ಮುಗಿಯುವ ಹೊತ್ತಿಗೆ ಕೆಂಪು ಲೂರ್‌ಗಳದೇ, ಅಂದರೆ ಕೃತಕ ಎರೆಗಳದೇ ರಾಜ್ಯ. ಒಂದು ಬಣ್ಣಕ್ಕೆ 'ರೇಬರ್ನ್ ರೆಡ್' ಅಂತಲೇ ಹೆಸರು ಬಿದ್ದಿದೆ. ಅದಕ್ಕೆ ಅಲ್ಲಿನವರು ಕೊಡುವ ಕಾರಣ ರಕ್ತವಲ್ಲ, ಕ್ರೇಫಿಶ್ ಅನ್ನುವ, ಸಿಹಿನೀರಿನ ಸಿಗಡಿಯಂಥ ಕೆಂಪು ಜೀವಿ. ಬಾಸ್‌ಗೆ ಅದು ಬಲು ಇಷ್ಟದ ಊಟ. ಆದರೆ ಅಲ್ಲಿ ಕೆಂಪಗಿರುವುದು ಬೆರಳುದ್ದದ ಇಡೀ ಲೂರ್. ಮುಳ್ಳಿನ ದಂಟಿನ ದಪ್ಪ ಒಂದು ಮಿಲಿಮೀಟರ್ ಆಸುಪಾಸು.

ಅಷ್ಟು ಸಣ್ಣ ವಸ್ತುವೂ ಎಷ್ಟು ಸಲ ಹೊರಗೆ ಕಾಣುತ್ತದೆ? ಬಾಸ್ ಹಿಡಿಯೋಕೆ ತುಂಬ ಬಳಕೆಯಲ್ಲಿರುವ ಕಟ್ಟು ಟೆಕ್ಸಸ್ ರಿಗ್. ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ತಲೆಗೆ ಮುಳ್ಳು ಚುಚ್ಚಿ, ಹೊರಗೆ ತೆಗೆದು, ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಹೊಟ್ಟೆಯೊಳಗೆ ಹುದುಗಿಸುತ್ತಾರೆ. ಕಳೆಗೆ ಸಿಕ್ಕಿಕೊಳ್ಳಬಾರದು ಅಂತ ಈ ಉಪಾಯ. ಹೊರಗೆ ಉಳಿಯುವುದು ಕೆಳಗಿನ ಬಾಗು ಮಾತ್ರ. ಬಾಸ್ ಬಂದು ಕಚ್ಚಿ ಅಗಿಯುವ ಮೀನೂ ಅಲ್ಲ. ಆ ದೊಡ್ಡ ಬಾಯಿ ಫಟ್ಟನೆ ತೆರೆದರೆ ನೀರಿನ ಜೊತೆ ಎರೆಯೂ ಒಳಗೆ ಎಳೆದುಕೊಂಡು ಹೋಗುತ್ತದೆ. ರೆಪ್ಪೆ ಬಡಿಯುವುದರೊಳಗೆ ಮುಗಿಯಿತು. ಅಷ್ಟರಲ್ಲಿ ಅದು ನೋಡಿರುವುದು ಎರೆಯ ಗಾತ್ರ, ಆಕಾರ, ಓಡಾಟ. ನೀರಿನ ಅದುರುವಿಕೆಯನ್ನು ಮೈಪಕ್ಕದ ಗೆರೆಯಿಂದಲೂ ಹಿಡಿದಿರುತ್ತದೆ.

"ಆದರೆ ನನಗೆ ಕೆಂಪಲ್ಲೇ ಜಾಸ್ತಿ ಬಿದ್ದಿವೆ" ಅನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಾನೂ ಒಂದು ಬೇಸಿಗೆ ಹಾಗೇ ನಂಬಿದ್ದೆ. ಆಮೇಲೆ ಲೆಕ್ಕ ಹಾಕಿದರೆ, ನಂಬಿಕೆ ಇದ್ದದ್ದರಿಂದ ಕೆಂಪು ಮುಳ್ಳೇ ಹೆಚ್ಚು ಹೊತ್ತು ನೀರಲ್ಲಿತ್ತು. ಒಳ್ಳೆಯ ಜಾಗಕ್ಕೆ ಎಸೆದದ್ದೂ ಅದನ್ನೇ. ಬೀಳದೆ ಇನ್ನೇನು?

ಮೀನು ಮೀನಿಗೂ ವ್ಯತ್ಯಾಸ ಇದೆ. ಇಲಿನಾಯ್‌ನ ರಿಡ್ಜ್ ಲೇಕ್‌ನಲ್ಲಿ 1970ರ ದಶಕದ ಕೊನೆಯಲ್ಲಿ ನಾಲ್ಕು ವರ್ಷ ಒಂದು ಪ್ರಯೋಗ ನಡೆಯಿತು. ಹಿಡಿದ ಪ್ರತಿ ಬಾಸ್‌ಗೂ ಗುರುತಿನ ಚೀಟಿ ಹಾಕಿ ವಾಪಸ್ ನೀರಿಗೆ ಬಿಟ್ಟರು. ಒಂದು ಮೀನು ಮೊದಲ ಎರಡೇ ದಿನದಲ್ಲಿ ಮೂರು ಸಲ ಸಿಕ್ಕಿತು. ಇನ್ನೊಂದು ಒಂದೇ ವರ್ಷದಲ್ಲಿ 16 ಸಲ. ಕೊನೆಗೆ ಕೆರೆ ಬತ್ತಿಸಿ ನೋಡಿದಾಗ ಸಿಕ್ಕಿದ್ದು 1700ಕ್ಕೂ ಹೆಚ್ಚು ಬಾಸ್. ಅವುಗಳಲ್ಲಿ ಸುಮಾರು 200 ಮೀನುಗಳು ನಾಲ್ಕು ವರ್ಷದಲ್ಲಿ ಒಂದು ಸಲವೂ ಗಾಳಕ್ಕೆ ಬಿದ್ದಿರಲಿಲ್ಲ. ಮುಂದೆ ಎರಡೂ ಬಗೆಯ ಮೀನುಗಳ ಸಂತಾನ ಬೆಳೆಸಿ ನೋಡಿದರೆ, ಸುಲಭವಾಗಿ ಬೀಳುವ ಗುಣ ತಕ್ಕಮಟ್ಟಿಗೆ ಮರಿಗಳಿಗೂ ಬಂದಿತ್ತು. ಹಾಗಿರುವಾಗ ಒಂದು ಶನಿವಾರ ಸಿಕ್ಕ ಮೂರು ಮೀನಿನಿಂದ ಮುಳ್ಳಿನ ಬಣ್ಣ ತೀರ್ಮಾನ ಮಾಡೋಕಾಗಲ್ಲ.

ಕೆಂಪು ಮುಳ್ಳು ಸುಮ್ನೆ ದಂಡ ಅಂತ ನಾನು ಹೇಳುತ್ತಿಲ್ಲ. ಮುಳ್ಳು ಬಯಲಲ್ಲೇ ತೂಗಾಡುವ ಕಡೆ ಅದಕ್ಕೆ ಒಂದಿಷ್ಟು ಜಾಗ ಇದೆ. ಕ್ರ್ಯಾಂಕ್‌ಬೈಟ್ ಅನ್ನುವ, ಸಣ್ಣ ಮೀನಿನಂತಿರುವ ಗಟ್ಟಿ ಲೂರ್‌ನ ಹೊಟ್ಟೆಯಡಿ ಮುಂದೊಂದು, ಹಿಂದೊಂದು ಮೂರು ಮೊನೆಯ ಮುಳ್ಳು ನೇತಾಡುತ್ತವೆ. ಮುಂದಿನದನ್ನು ಕೆಂಪು ಮಾಡಿದರೆ ಮೀನಿನ ಕುತ್ತಿಗೆಯ ಬಳಿ ಕೆಂಪು ಚುಕ್ಕೆ ಇಟ್ಟ ಹಾಗೆ. ಕಂದು ನೀರು, ಒಂದಾಳು ಆಳ, ಬಿಸಿಲು ಇದ್ದರೆ ಅದು ಬಾಸ್‌ಗೆ ಕಂಡೀತು. ಹಾಕುವುದಾದರೆ ನಾನು ಅಲ್ಲಿ ಹಾಕುತ್ತೇನೆ. ತಿಳಿನೀರಲ್ಲಿ ಸಣ್ಣ ಎರೆಯ ಮೂಗಿಗೆ ಬರಿಯ ಮುಳ್ಳು ಚುಚ್ಚುವಾಗ ಬಣ್ಣಕ್ಕಿಂತ ತೆಳು ತಂತಿಯ, ಚಿಕ್ಕ ಮುಳ್ಳು ಆರಿಸುವುದು ಮೇಲು. ಹುಳುವಿನೊಳಗೆ ಹುದುಗುವ ಮುಳ್ಳಿಗೆ ಯಾವ ಬಣ್ಣವಾದರೂ ಒಂದೇ.

ಸ್ನೇಹಿತರ ಮಗಳನ್ನು ಮುಂದಿನ ಸಲ ಕರೆದುಕೊಂಡು ಹೋದಾಗ ಇದನ್ನೆಲ್ಲ ಸಣ್ಣದು ಮಾಡಿ ಹೇಳಿದೆ. ಮೊನೆ ನೋಡುವುದನ್ನೂ ಹೇಳಿಕೊಟ್ಟೆ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯಬೇಕು, ಒತ್ತಬಾರದು. ಚೂಪಾಗಿದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೊಂಡಾಗಿದ್ದರೆ ಜಾರುತ್ತದೆ. ಅವಳು ಅದೇ ಕೆಂಪು ಮುಳ್ಳನ್ನು ಎತ್ತಿಕೊಂಡು ಉಗುರಿನ ಮೇಲೆ ಎಳೆದಳು. ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು, ಬಾಗಿನಲ್ಲಿ ಸಾಸಿವೆಯಷ್ಟು ತುಕ್ಕು. ಮೊನೆ ಸರ್ರನೆ ಜಾರಿತು. ಪಕ್ಕದ ಕಪ್ಪು ಮುಳ್ಳು ತೆಗೆದು ಎಳೆದಳು. ಉಗುರಿನ ಮೇಲೆ ಕೂದಲೆಳೆಯಷ್ಟು ಬಿಳಿ ಗೀರು ಬಿದ್ದು, ಮೊನೆ ಅಲ್ಲೇ ನಿಂತಿತು. "ಇದನ್ನೇ ಕಟ್ಟೋಣ ಅಂಕಲ್" ಅಂತ ಕೈಗೆ ಕೊಟ್ಟಳು.