ಕಲ್ಲಿನ ಹರಳು ನೀರಿನ ವಿಕಿರಣವನ್ನು ನಾಶ ಮಾಡುತ್ತದೆಯೇ?

ಪ್ರಶ್ನೆ: ಜಪಾನಿನ ಫುಕುಶಿಮಾ ಅಣುಸ್ಥಾವರದ ವಿಕಿರಣಶೀಲ ನೀರನ್ನು ಜಿಯೋಲೈಟ್ ಎಂಬ ಖನಿಜದಿಂದ ಶುದ್ಧ ಮಾಡಿದರು ಎಂದು ಓದಿದೆ. ಆ ಖನಿಜ ವಿಕಿರಣವನ್ನು ನಾಶ ಮಾಡುತ್ತದೆಯೇ? ನಮ್ಮ ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಇದೆ ಎನ್ನುತ್ತಾರೆ. ಅದಕ್ಕೂ ಇದನ್ನು ಬಳಸಬಹುದೇ?

ಉತ್ತರ: ಇಲ್ಲ, ನಾಶ ಮಾಡುವುದಿಲ್ಲ. ಯಾವ ಖನಿಜಕ್ಕೂ, ಯಾವ ಫಿಲ್ಟರಿಗೂ ಆ ಶಕ್ತಿ ಇಲ್ಲ. ಜಿಯೋಲೈಟ್ ಮಾಡುವುದು ಒಂದೇ ಕೆಲಸ: ಸಾವಿರಾರು ಟನ್ ನೀರಿನಲ್ಲಿ ಚದುರಿಹೋಗಿರುವ ವಿಕಿರಣಶೀಲ ಪರಮಾಣುಗಳನ್ನು ಹಿಡಿದು ಕೆಲವೇ ಟನ್ ಹರಳಿನೊಳಗೆ ಕೂಡಿಹಾಕುತ್ತದೆ. ಕೇಳಲು ಇದು ಸಣ್ಣದೆನಿಸಬಹುದು, ಆದರೆ ಅಪಘಾತವಾದ ಸ್ಥಾವರದಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನೀರು ಸೋರುತ್ತದೆ, ಹರಿಯುತ್ತದೆ, ಸಮುದ್ರ ಸೇರುತ್ತದೆ. ಹರಳನ್ನು ಉಕ್ಕಿನ ಪಾತ್ರೆಯಲ್ಲಿಟ್ಟು ಕಾಯಬಹುದು.

ಹಿಡಿಯುವುದು ಹೇಗೆ? ಜಿಯೋಲೈಟ್ ಎಂದರೆ ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಕಟ್ಟಿದ, ಒಳಗೆಲ್ಲ ಅತಿಸಣ್ಣ ಓಣಿಗಳಿರುವ ಹರಳು. ಸಿಲಿಕಾನ್ ಇರಬೇಕಾದ ಕಡೆ ಅಲ್ಯೂಮಿನಿಯಂ ಕೂತಾಗಲೆಲ್ಲ ಚೌಕಟ್ಟಿಗೆ ಒಂದು ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಓಣಿಯೊಳಗೆ ಸೋಡಿಯಂನಂಥ ಧನ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಸಡಿಲವಾಗಿ ಅಂಟಿಕೊಂಡಿರುತ್ತದೆ. ಸೀಸಿಯಂ ಎಂಬ ವಿಕಿರಣಶೀಲ ಧಾತು ಇರುವ ನೀರು ಹಾದುಹೋದಾಗ ಸೋಡಿಯಂ ಹೊರಬಂದು ಸೀಸಿಯಂ ಒಳಗೆ ಕೂರುತ್ತದೆ. ಸೀಸಿಯಂ ಅಯಾನು ಗಾತ್ರದಲ್ಲಿ ದೊಡ್ಡದು. ಹಾಗಾಗಿ ತನ್ನ ಸುತ್ತಲಿನ ನೀರಿನ ಕಣಗಳನ್ನು ಅದು ಗಟ್ಟಿಯಾಗಿ ಹಿಡಿದುಕೊಂಡಿರುವುದಿಲ್ಲ, ಸುಲಭವಾಗಿ ಕಳಚಿಕೊಂಡು ಹರಳಿನ ಗೋಡೆಗೆ ಹತ್ತಿರವಾಗುತ್ತದೆ. ಗಡಸು ನೀರಿಗೆಂದು ಮನೆಗಳಲ್ಲಿ ಹಾಕಿಸುವ ಸಾಫ್ಟ್‌ನರ್‌ ಕೂಡ ಇದೇ ಅಯಾನು ವಿನಿಮಯದಿಂದ ನಡೆಯುತ್ತದೆ. ಅದನ್ನು ಉಪ್ಪುನೀರಿನಲ್ಲಿ ತೊಳೆದು ಮತ್ತೆ ಬಳಸುತ್ತೇವೆ. ಸೀಸಿಯಂ ತುಂಬಿದ ಜಿಯೋಲೈಟನ್ನು ಸಾಮಾನ್ಯವಾಗಿ ಹಾಗೆ ತೊಳೆಯುವುದಿಲ್ಲ. ತೊಳೆದರೆ ವಿಕಿರಣ ಮತ್ತೆ ನೀರಿಗೇ ಬರುತ್ತದಲ್ಲ!

ಫುಕುಶಿಮಾದಲ್ಲಿ ಕಷ್ಟ ಕೊಟ್ಟದ್ದು ಉಪ್ಪು. 2011ರ ಮಾರ್ಚ್‌ನಲ್ಲಿ ಸುನಾಮಿ ನುಗ್ಗಿತ್ತು, ರಿಯಾಕ್ಟರ್ ತಣಿಸಲೂ ಸಮುದ್ರದ ನೀರನ್ನೇ ಸುರಿದಿದ್ದರು. ಸಮುದ್ರದ ನೀರಿನಲ್ಲಿ ಲೀಟರಿಗೆ ಹತ್ತು ಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ. ಅದಕ್ಕೆ ಹೋಲಿಸಿದರೆ ಸೀಸಿಯಂ ತೂಕದಲ್ಲಿ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಅಷ್ಟು ಪೈಪೋಟಿಯಲ್ಲೂ ಸೀಸಿಯಂನ್ನೇ ಆರಿಸಿಕೊಳ್ಳುವ ಹರಳು ಬೇಕಿತ್ತು. ಅದೇ ವರ್ಷದ ಜೂನ್‌ನಲ್ಲಿ ಜಿಯೋಲೈಟ್ ತುಂಬಿದ ಸ್ತಂಭಗಳು ಕೆಲಸ ಆರಂಭಿಸಿದವು, ಆಗಸ್ಟ್‌ನಲ್ಲಿ ಎರಡನೆಯ ವ್ಯವಸ್ಥೆ ಬಂತು. ಮುಂದೆ ಸೀಸಿಯಂ ಮತ್ತು ನೀರಿನಲ್ಲಿದ್ದ ಇನ್ನೊಂದು ವಿಕಿರಣಶೀಲ ಧಾತು ಸ್ಟ್ರಾನ್ಷಿಯಂ ಎರಡನ್ನೂ ಹಿಡಿಯಲು ಟೈಟಾನಿಯಂ ಇರುವ, ಕಾರ್ಖಾನೆಯಲ್ಲಿ ತಯಾರಿಸಿದ ಹರಳುಗಳೂ ಸೇರಿಕೊಂಡವು. ಸ್ಟ್ರಾನ್ಷಿಯಂ ಕ್ಯಾಲ್ಸಿಯಂನ ದಾಯಾದಿ, ಬೇರ್ಪಡಿಸುವುದು ಇನ್ನೂ ಕಷ್ಟ.

ಟ್ರಿಟಿಯಂ ಮಾತ್ರ ಇವ್ಯಾವುದಕ್ಕೂ ಸಿಗಲಿಲ್ಲ. ಅದು ಹೈಡ್ರೋಜನ್‌ನ ಒಂದು ವಿಕಿರಣಶೀಲ ರೂಪ, ನೀರಿನ ಅಣುವಿನ ಭಾಗವೇ ಆಗಿಬಿಡುತ್ತದೆ. 2023ರ ಆಗಸ್ಟ್‌ನಿಂದ ಸಮುದ್ರಕ್ಕೆ ಬಿಡುತ್ತಿರುವ ನೀರಿನಲ್ಲಿ ಉಳಿದಿರುವುದು ಮುಖ್ಯವಾಗಿ ಇದೇ, ಅದನ್ನು ಲೀಟರಿಗೆ 1500 ಬೆಕ್ವೆರೆಲ್‌ಗಿಂತ ಕಡಿಮೆಯಾಗುವಂತೆ ತೆಳುಮಾಡಿ ಬಿಡುತ್ತಾರೆ (ಬೆಕ್ವೆರೆಲ್ ಎಂದರೆ ವಿಕಿರಣದ ಅಳತೆ, ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವುದು).

ಅಪಘಾತವಿಲ್ಲದ ಕಡೆಯೂ ಈ ಖನಿಜಕ್ಕೆ ಕೆಲಸವಿದೆ. ಇಂಗ್ಲೆಂಡಿನ ಪರಮಾಣು ಕೇಂದ್ರವಾದ ಸೆಲ್ಲಾಫೀಲ್ಡ್‌ನಲ್ಲಿ ಬಳಸಿದ ಇಂಧನವನ್ನು ಮುಳುಗಿಸಿಟ್ಟ ಕೊಳಗಳ ನೀರು 1985ರಿಂದ ಕ್ಲಿನಾಪ್ಟಿಲೊಲೈಟ್ ಎಂಬ ನೈಸರ್ಗಿಕ ಜಿಯೋಲೈಟ್ ಮೂಲಕ ಹಾದುಹೋಗುತ್ತಿದೆ. ಇಂಧನದ ಲೋಹ ತುಕ್ಕು ಹಿಡಿಯದಿರಲೆಂದು ಆ ಕೊಳಗಳ ನೀರನ್ನು ಕ್ಷಾರೀಯವಾಗಿ ಇಡುತ್ತಾರೆ. ಕ್ಷಾರ ಜಿಯೋಲೈಟಿಗೆ ಆಗಿಬರುವುದಿಲ್ಲ. ಅದಕ್ಕಾಗಿ ಮೊದಲು ಮರಳಿನಲ್ಲಿ ಸೋಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಕ್ಷಾರ ತಗ್ಗಿಸಿ, ಆಮೇಲೆ ಹರಳಿನ ಮೇಲೆ ಬಿಡುತ್ತಾರೆ. ಐರಿಷ್ ಸಮುದ್ರ ಸೇರುತ್ತಿದ್ದ ಸೀಸಿಯಂ ಇದರಿಂದ ಬಹಳ ತಗ್ಗಿತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮೆಚ್ಚುಗೆಯಾಗುವುದು ಈ ಪೂರ್ವಸಿದ್ಧತೆಯೇ. ಒಳ್ಳೆಯ ಹರಳು ಸಿಕ್ಕರೆ ಅರ್ಧ ಕೆಲಸವಷ್ಟೇ ಆದಂತೆ, ನೀರನ್ನು ಅದಕ್ಕೆ ಹೊಂದಿಸುವುದು ಉಳಿದರ್ಧ.

ತುಂಬಿದ ಹರಳಿನ ಗತಿ? ಸೀಸಿಯಂ-137 ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು. ಸಾವಿರದ ಒಂದು ಭಾಗಕ್ಕೆ ಬರಲು 300 ವರ್ಷ. ಅಲ್ಲಿಯವರೆಗೆ ಕಾಯಲೇಬೇಕು. ಹರಳಿನಲ್ಲಿ ಉಳಿದ ತೇವವನ್ನು ವಿಕಿರಣ ಒಡೆದು ಹೈಡ್ರೋಜನ್ ಹುಟ್ಟಿಸುವುದರಿಂದ ಪಾತ್ರೆಗಳಿಗೆ ಗಾಳಿ ಹೋಗುವ ದಾರಿಯನ್ನೂ ಬಿಡಬೇಕಾಗುತ್ತದೆ.

ಇನ್ನು ನಿಮ್ಮ ಬೋರ್‌ವೆಲ್. ಪೂರ್ವ ಕರ್ನಾಟಕದ ಕೆಲವು ಕೊಳವೆಬಾವಿಗಳಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಾದ ಲೀಟರಿಗೆ 30 ಮೈಕ್ರೋಗ್ರಾಂ ದಾಟಿರುವುದು ನಿಜ. ಇಲ್ಲಿ ವಿಕಿರಣಕ್ಕಿಂತ ದೊಡ್ಡ ಚಿಂತೆ ಮೂತ್ರಪಿಂಡಕ್ಕೆ ಆಗುವ ರಾಸಾಯನಿಕ ಹಾನಿ. ಆದರೆ ಸಾದಾ ಜಿಯೋಲೈಟ್ ಇದಕ್ಕೆ ನಂಬುವಂಥದ್ದಲ್ಲ. ಅಂತರ್ಜಲದಲ್ಲಿ ಯುರೇನಿಯಂ ಕಾರ್ಬೊನೇಟ್ ಜೊತೆ ಕೂಡಿಕೊಂಡು ಬಹುಪಾಲು ಋಣ ವಿದ್ಯುದಂಶದ ಅಥವಾ ತಟಸ್ಥ ರೂಪದಲ್ಲಿರುತ್ತದೆ. ಜಿಯೋಲೈಟಿನ ಚೌಕಟ್ಟೂ ಋಣವೇ. ಹೀಗಿರುವಾಗ ಒಂದನ್ನೊಂದು ಹಿಡಿಯುವುದೆಲ್ಲಿ? ಕುದಿಸುವುದಂತೂ ಬೇಡ, ನೀರು ಆವಿಯಾಗಿ ಯುರೇನಿಯಂ ಇನ್ನಷ್ಟು ಸಾಂದ್ರವಾಗುತ್ತದೆ.

ಮೊದಲು ಪ್ರಯೋಗಾಲಯದಲ್ಲಿ ಯುರೇನಿಯಂ ಪರೀಕ್ಷೆಯನ್ನೇ ಕೇಳಿ ಮಾಡಿಸಿ. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಅದು ಸೇರಿರದಿರಬಹುದು. ಹೆಚ್ಚಿದ್ದರೆ ಕುಡಿಯಲು, ಅಡುಗೆಗೆ ಆರ್‌ಓ ನೀರು ಬಳಸಿ. ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಯುರೇನಿಯಂ ಮೊದಲಿಗಿಂತ ಹೆಚ್ಚೇ ಇರುತ್ತದೆ, ಅದನ್ನು ದನಕರುಗಳಿಗೆ ಕುಡಿಸಬೇಡಿ.